ಜೇನ್ ಮ್ಯಾನಿಂಗ್ ಜೇಮ್ಸ್ ಯಾರ ಮನೆಯವರು?

(ಈಚೆಗೆ ಕೊಟ್ಟ ಒಂದು ಉಪನ್ಯಾಸದ ಬರಹ ರೂಪ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1894ರ ಮೇ 18. ಅಮೆರಿಕದ ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲಿರುವ ಮಾರ್ಮನ್ ದೇವಾಲಯದಲ್ಲಿ ಅವತ್ತು ಒಂದು ವಿಧಿ ನಡೆಯಿತು. ಮಾರ್ಮನ್ ಎಂಬ ಕ್ರೈಸ್ತ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಕೊಲೆಯಾಗಿ ಆಗಲೇ ಐವತ್ತು ವರ್ಷ ಆಗುತ್ತಾ ಬಂದಿತ್ತು. ಅವರ ಮನೆತನಕ್ಕೆ ಜೇನ್ ಮ್ಯಾನಿಂಗ್ ಜೇಮ್ಸ್ ಎಂಬ ವಯಸ್ಸಾದ ಹೆಂಗಸನ್ನು ಸೇರಿಸುವ ವಿಧಿ ಅದು. ಮಗಳಾಗಿ ಅಲ್ಲ, ಸೇವಕಿಯಾಗಿ. ಅದೂ ಈ ಬದುಕಿಗೆ ಮಾತ್ರ ಅಲ್ಲ, ಸತ್ತ ಮೇಲೂ, ಎಂದೆಂದಿಗೂ. ಜೇನ್ ಆಗ ಅದೇ ಊರಿನಲ್ಲಿದ್ದರು, ನಡೆದು ಬರುವಷ್ಟು ಗಟ್ಟಿಯಾಗಿಯೂ ಇದ್ದರು. ಆದರೂ ಅವರನ್ನು ಒಳಗೆ ಕರೆಯಲಿಲ್ಲ. ಅವರ ಬದಲಿಗೆ ಬಾತ್‌ಶೀಬಾ ಸ್ಮಿತ್ ಎಂಬ ಬಿಳಿಯ ಮಹಿಳೆ ನಿಂತರು. ತೀರಿಹೋದ ಜೋಸೆಫ್ ಬದಲಿಗೆ ಅವರ ಅಣ್ಣನ ಮಗ ಜೋಸೆಫ್ ಎಫ್. ಸ್ಮಿತ್ ನಿಂತರು.

ಕಾರಣ ಒಂದೇ. ಜೇನ್ ಕಪ್ಪು ಜನಾಂಗದವರು.

ಮನೆತನದ ಇತಿಹಾಸ ಅಂದರೆ ನಾವು ಸಾಮಾನ್ಯವಾಗಿ ತಂದೆ, ತಾತ, ಮುತ್ತಾತ ಅಂತ ಹೆಸರು ಬರೆದುಕೊಂಡು ಹೋಗುತ್ತೇವೆ. ಜೇನ್ ವಿಷಯದಲ್ಲಿ ಅಷ್ಟು ಮಾಡಿದರೆ ಏನೂ ಮಾಡಿದ ಹಾಗಾಗುವುದಿಲ್ಲ. ಅವರನ್ನು ಯಾರು ಯಾರು ತಮ್ಮವರು ಅಂದುಕೊಂಡರು, ಎಷ್ಟರ ಮಟ್ಟಿಗೆ ಅಂದುಕೊಂಡರು, ಎಲ್ಲಿಗೆ ನಿಲ್ಲಿಸಿದರು, ಅದನ್ನು ನೋಡಬೇಕು. ಇವತ್ತು ನಾನು ಮಾತಾಡುವುದು ಅದರ ಬಗ್ಗೆ.

ಮೊದಲು ಹುಟ್ಟಿದ ಮನೆ. ಕನೆಕ್ಟಿಕಟ್ ರಾಜ್ಯದ ವಿಲ್ಟನ್ ಎಂಬ ಊರು. ತಂದೆ ಐಸಾಕ್ ಮ್ಯಾನಿಂಗ್, ತಾಯಿ ಫಿಲಿಸ್. ಎಲೈಜಾ ಎಂಬ ಹೆಸರೂ ತಾಯಿಗೆ ಇತ್ತು. ಜೇನ್ ಹುಟ್ಟಿದ ವರ್ಷ ಒಂದೊಂದು ದಾಖಲೆಯಲ್ಲಿ ಒಂದೊಂದು ಥರ ಇದೆ. 1813ರಿಂದ 1822ರವರೆಗೆ ಬೇರೆ ಬೇರೆ ವರ್ಷ ಸಿಗುತ್ತವೆ. ಆ ಕಾಲದಲ್ಲಿ ಕಪ್ಪು ಜನರ ಮನೆಯ ಹುಟ್ಟು ಸಾವುಗಳನ್ನು ಜೋಪಾನವಾಗಿ ಬರೆದಿಡಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ಜೇನ್ ಹುಟ್ಟಿನಿಂದ ಸ್ವತಂತ್ರರು. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಉತ್ತರದ ರಾಜ್ಯಗಳಲ್ಲಿ ಗುಲಾಮಗಿರಿ ಇರಲೇ ಇಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಕನೆಕ್ಟಿಕಟ್‌ನಲ್ಲಿ 1784ರಲ್ಲಿ ಒಂದು ಕಾನೂನು ಬಂತು. ಅಲ್ಲಿಂದ ಮುಂದೆ ಗುಲಾಮ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ 25 ವರ್ಷ ತುಂಬಿದ ಮೇಲೆ ಬಿಡುಗಡೆ. ಆಗಲೇ ಗುಲಾಮರಾಗಿದ್ದವರಿಗೆ ಏನೂ ಇಲ್ಲ. ಆ ರಾಜ್ಯದಲ್ಲಿ ಗುಲಾಮಗಿರಿ ಪೂರ್ತಿ ರದ್ದಾಗಿದ್ದು 1848ರಲ್ಲಿ. ಅಷ್ಟು ಹೊತ್ತಿಗೆ ಜೇನ್ ಯೂಟಾಕ್ಕೆ ಬಂದು ಒಂದು ಚಳಿಗಾಲ ಕಳೆದಿದ್ದರು.

ಆರು ವರ್ಷಕ್ಕೇ ಜೇನ್ ಮನೆ ಬಿಟ್ಟರು. ಜೋಸೆಫ್ ಫಿಚ್ ಎಂಬ ಶ್ರೀಮಂತ ಬಿಳಿಯರ ಮನೆಯಲ್ಲಿ ಕೆಲಸಕ್ಕೆ. ದಂಪತಿಗೆ ವಯಸ್ಸಾಗಿತ್ತು, ಅವರ ಮಗಳು ತನ್ನನ್ನು ಬೆಳೆಸಿದಳು ಅಂತ ಜೇನ್ ಮುಂದೆ ಹೇಳಿದ್ದಾರೆ. ಅಡುಗೆ, ಬಟ್ಟೆ ಒಗೆಯುವುದು, ಇಸ್ತ್ರಿ ಎಲ್ಲಾ ಅಲ್ಲೇ ಕಲಿತಿದ್ದು. ಸಣ್ಣ ವಯಸ್ಸಿನಲ್ಲೇ ಒಂದು ಮಗು ಆಯಿತು, ಸಿಲ್ವೆಸ್ಟರ್ ಅಂತ. ತಮ್ಮ ಬದುಕಿನ ಕತೆಯನ್ನು ಬರೆಸುವಾಗ ಜೇನ್ ಆ ಮಗುವಿನ ತಂದೆಯ ಬಗ್ಗೆ ಒಂದು ಮಾತೂ ಆಡಿಲ್ಲ. ವಂಶವೃಕ್ಷ ಬರೆಯುವವರಿಗೆ ಆ ಜಾಗ ಖಾಲಿ ಕಾಣುತ್ತದೆ, ಅದನ್ನು ತುಂಬಿಸಲು ಊಹೆಗಳೂ ಬಂದಿವೆ. ನನಗಂತೂ ಆ ಮೌನವನ್ನು ಹಾಗೇ ಬಿಡುವುದು ಸರಿ ಅನ್ನಿಸುತ್ತದೆ. ಎಳೆಯ ಕಪ್ಪು ಕೆಲಸದ ಹುಡುಗಿ, ಬಿಳಿಯರ ಊರು. ಏನು ಹೇಳಬೇಕು, ಏನು ಹೇಳಬಾರದು ಅನ್ನುವುದನ್ನು ಆಕೆಯೇ ತೀರ್ಮಾನ ಮಾಡಿದ್ದಾರೆ.

1840ರ ದಶಕದ ಶುರುವಿನಲ್ಲಿ ಚಾರ್ಲ್ಸ್ ವೆಸ್ಲಿ ವಾಂಡೆಲ್ ಎಂಬ ಮಾರ್ಮನ್ ಪ್ರಚಾರಕ ಆ ಕಡೆ ಬಂದರು. ಅವರ ಮಾತು ಕೇಳಬೇಡ ಅಂತ ಜೇನ್ ಹೋಗುತ್ತಿದ್ದ ಚರ್ಚಿನ ಪಾದ್ರಿ ಹೇಳಿದ್ದರು. ಜೇನ್ ಹೋಗಿ ಕೇಳಿದರು. ಮುಂದಿನ ಭಾನುವಾರವೇ ದೀಕ್ಷಾಸ್ನಾನ ಪಡೆದರು. ಮನೆಯವರೂ ಜೊತೆಯಾದರು. 1843ರಲ್ಲಿ ಎಲ್ಲರೂ ಸೇರಿ ಇಲಿನಾಯ್ ರಾಜ್ಯದ ನಾವೂ ಎಂಬ ಊರಿಗೆ ಹೊರಟರು. ಮಿಸಿಸಿಪ್ಪಿ ನದಿಯ ದಡದಲ್ಲಿ ಮಾರ್ಮನ್ನರು ಆಗ ಕಟ್ಟುತ್ತಿದ್ದ ಊರು ಅದು. ಜೇನ್ ಜೊತೆ ಹೊರಟವರು ಇವರು: ತಾಯಿ, ತಮ್ಮಂದಿರಾದ ಐಸಾಕ್ ಮತ್ತು ಪೀಟರ್, ತಂಗಿಯರಾದ ಸಾರಾ ಮತ್ತು ಆಂಜಲೀನ್, ಸಾರಾಳ ಗಂಡ ಆಂಟನಿ, ಮನೆಯ ಸೊಸೆ ಲೂಸಿಂಡಾ, ಮಗ ಸಿಲ್ವೆಸ್ಟರ್. ಇಡೀ ಮನೆ ಅಂದರೆ ಇಡೀ ಮನೆ.

ಕಾಲುವೆಯ ದೋಣಿಯಲ್ಲಿ ಬಫಲೋವರೆಗೆ ಬಂದರು. ದುಡ್ಡು ಒಹಾಯೋದ ಕೊಲಂಬಸ್‌ನಲ್ಲಿ ಕೊಡುವುದು ಅಂತ ಮಾತಾಗಿತ್ತು. ಬಫಲೋದಲ್ಲಿ ದೋಣಿಯವರು ಇಲ್ಲೇ ಕೊಡಿ ಅಂತ ಪಟ್ಟು ಹಿಡಿದರು, ಮುಂದಕ್ಕೆ ಕರೆದುಕೊಂಡು ಹೋಗಲಿಲ್ಲ. ಸರಿ, ಇಳಿದರು. ನಡೆಯಲು ಶುರು ಮಾಡಿದರು. 800 ಮೈಲಿಗಿಂತ ಜಾಸ್ತಿ ಅಂತ ಜೇನ್ ಲೆಕ್ಕ. ನಮ್ಮ ಲೆಕ್ಕದಲ್ಲಿ ಸುಮಾರು 1300 ಕಿಲೋಮೀಟರ್.

ಬೂಟು ಸವೆದು ಹೋಯಿತು. ಕಾಲು ಬಿರುಕು ಬಿಟ್ಟು ರಕ್ತ ಬಂತು. ನೆಲದ ಮೇಲೆ ಪಾದದ ಗುರುತು ಪೂರ್ತಿ ರಕ್ತದಲ್ಲೇ ಮೂಡುತ್ತಿತ್ತು ಅಂತ ಜೇನ್ ಹೇಳಿದ್ದಾರೆ. ನಿಂತು ಎಲ್ಲರೂ ಸೇರಿ ಪ್ರಾರ್ಥನೆ ಮಾಡಿದೆವು, ಕಾಲು ವಾಸಿಯಾಯಿತು ಅಂತಲೂ ಹೇಳಿದ್ದಾರೆ. ಪಿಯೋರಿಯಾದಲ್ಲಿ ಅಧಿಕಾರಿಗಳು ತಡೆದು ಬಿಡುಗಡೆಯ ಪತ್ರ ತೋರಿಸಿ, ಇಲ್ಲದಿದ್ದರೆ ಜೈಲಿಗೆ ಹಾಕುತ್ತೇವೆ ಅಂದರು. ಇಲಿನಾಯ್‌ನಲ್ಲಿ ಕಪ್ಪು ಜನ ತಾವು ಸ್ವತಂತ್ರರು ಅಂತ ಕಾಗದ ಇಟ್ಟುಕೊಂಡು ಓಡಾಡಬೇಕೆಂಬ ಕಾನೂನಿತ್ತು. ಆ ಅಧಿಕಾರಿ ಏನು ಕೇಳುತ್ತಿದ್ದಾನೆ ಅಂತಲೇ ಮೊದಲು ಅರ್ಥವಾಗಲಿಲ್ಲವಂತೆ, ಯಾಕೆಂದರೆ ಇವರು ಯಾವತ್ತೂ ಗುಲಾಮರಾಗಿರಲೇ ಇಲ್ಲ. ಕೊನೆಗೆ ಬಿಟ್ಟು ಕಳಿಸಿದ. ಮುಂದೆ ಒಂದು ಹೊಳೆ. ಸೇತುವೆ ಇಲ್ಲ. ನೀರಿಗಿಳಿದು ನಡೆದರು, ನಡುವಿನಲ್ಲಿ ಕುತ್ತಿಗೆ ಮಟ್ಟ ಬಂತು. ರಾತ್ರಿ ಕಾಡಿನಲ್ಲಿ ಮಲಗಿದ್ದಾಗ ಮೈಮೇಲೆ ಹಿಮದ ಹಾಗೆ ಇಬ್ಬನಿ ಹೆಪ್ಪುಗಟ್ಟಿತ್ತು.

ನಾವೂ ಊರು ತಲುಪಿದಾಗ ಆರ್ಸನ್ ಸ್ಪೆನ್ಸರ್ ಎಂಬುವರು ಜೋಸೆಫ್ ಸ್ಮಿತ್ ಮನೆಯ ದಾರಿ ತೋರಿಸಿದರು. ಜೋಸೆಫ್ ಎಲ್ಲರನ್ನೂ ಕೂರಿಸಿ, ದಾರಿಯಲ್ಲಿ ಪಟ್ಟ ಪಾಡನ್ನು ಜೇನ್ ಬಾಯಿಂದ ಹೇಳಿಸಿ ಕೇಳಿದರು. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ನೀವೀಗ ನಿಮ್ಮವರ ನಡುವೆ ಇದ್ದೀರಿ ಅಂದರು. ಕೆಲವೇ ದಿನಗಳಲ್ಲಿ ಉಳಿದವರಿಗೆಲ್ಲ ಎಲ್ಲೆಲ್ಲೋ ನೆಲೆ ಸಿಕ್ಕಿತು. ಜೇನ್ ಒಬ್ಬರೇ ಉಳಿದರು. ಬಟ್ಟೆ ತುಂಬಿದ್ದ ಟ್ರಂಕು ಕೂಡ ಕಳೆದು ಹೋಗಿತ್ತು. ಅಳುತ್ತಾ ಕೂತಿದ್ದವರನ್ನು ಜೋಸೆಫ್ ನೋಡಿ, ನಿನಗೆ ಇಲ್ಲೇ ಮನೆ ಇದೆಯಲ್ಲ ಅಂದರು. ಹೆಂಡತಿ ಎಮ್ಮಾಗೆ ಹೇಳಿ ಅಂಗಡಿಯಿಂದ ಬಟ್ಟೆ ತರಿಸಿದರು. ನಿನಗೆ ಏನೇನು ಕೆಲಸ ಬರುತ್ತದೆ ಅಂತ ಎಮ್ಮಾ ಕೇಳಿದರು. ಒಗೆಯುವುದು, ಇಸ್ತ್ರಿ, ಅಡುಗೆ, ಮನೆಗೆಲಸ ಅಂದರು ಜೇನ್. ಹಾಗೆ ಆ ಮನೆಯಲ್ಲಿ ಉಳಿದುಕೊಂಡರು.

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ಜೇನ್ ಮುಂದಿನ ಬದುಕೆಲ್ಲ ಈ ಒಂದು ಘಟನೆಯ ಸುತ್ತ ತಿರುಗುತ್ತದೆ. ಒಂದು ದಿನ ಎಮ್ಮಾ ಬಂದು, ನಮ್ಮ ಮಗಳಾಗಿ ನಮ್ಮ ಮನೆಗೆ ದತ್ತು ಬರುತ್ತೀಯಾ ಅಂತ ಕೇಳಿದರು. ಜೇನ್ ಉತ್ತರ ಕೊಡಲಿಲ್ಲ. ಯೋಚನೆ ಮಾಡು ಅಂತ ಎಮ್ಮಾ ಎರಡು ವಾರ ಬಿಟ್ಟು ಮತ್ತೆ ಕೇಳಿದರು. ಇಲ್ಲ ಅಮ್ಮಾ ಅಂದರು ಜೇನ್. ಅದರ ಅರ್ಥ ಏನು ಅಂತ ನನಗೆ ಗೊತ್ತಿರಲಿಲ್ಲ, ನನ್ನ ಮನಸ್ಸೇ ನನಗೆ ತಿಳಿಯುತ್ತಿರಲಿಲ್ಲ ಅಂತ ಮುದಿವಯಸ್ಸಿನಲ್ಲಿ ಹೇಳಿದ್ದಾರೆ. ಹೇಗೆ ತಿಳಿಯಬೇಕು ಹೇಳಿ? ಹೆತ್ತ ತಾಯಿ ಜೊತೆಯಲ್ಲಿ ನಡೆದುಕೊಂಡು ಬಂದಿದ್ದಾರೆ, ಕಣ್ಣ ಮುಂದೆ ಇದ್ದಾರೆ. ಇನ್ನೊಬ್ಬರ ಮಗಳಾಗುವುದು ಅಂದರೆ ಏನು?

ಮಾರ್ಮನ್ನರ ನಂಬಿಕೆ ಇಲ್ಲಿ ಗೊತ್ತಿರಬೇಕು. ಗಂಡ, ಹೆಂಡತಿ, ಮಕ್ಕಳ ಸಂಬಂಧ ಸಾವಿನ ಆಚೆಗೂ ಉಳಿಯುತ್ತದೆ, ಆದರೆ ಅದಕ್ಕೆ ದೇವಾಲಯದೊಳಗೆ ಸೀಲಿಂಗ್ ಎಂಬ ವಿಧಿ ಆಗಬೇಕು ಅನ್ನುವುದು ಅವರ ನಂಬಿಕೆ. ಆಗ ರಕ್ತಸಂಬಂಧ ಇಲ್ಲದ ದೊಡ್ಡವರನ್ನೂ ಹಿರಿಯ ನಾಯಕರ ಮನೆಗೆ ಹೀಗೆ ದತ್ತು ಸೇರಿಸುವ ಪದ್ಧತಿ ಬೆಳೆಯಿತು. ಸತ್ತವರಿಗೂ ಇದು ಅನ್ವಯಿಸುತ್ತದೆ. ನಮ್ಮಲ್ಲಿ ತರ್ಪಣ ಬಿಡುವಾಗ ಹಿರಿಯರ ಹೆಸರು ಹಿಡಿದು ಹೇಳಬೇಕು, ಹೆಸರು ಗೊತ್ತಿಲ್ಲದಿದ್ದರೆ ತಡಕಾಡುತ್ತೇವೆ, ಅಲ್ವಾ? ಹಾಗೆಯೇ ಅವರಲ್ಲೂ ತೀರಿಹೋದವರ ಹೆಸರು ಹಿಡಿದು, ಅವರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಮಾಡುತ್ತಾರೆ. ಹೆಸರು ಬೇಕೇ ಬೇಕು. ಮಾರ್ಮನ್ನರು ವಂಶಾವಳಿಯ ಹಿಂದೆ ಇಷ್ಟು ಬೀಳುವುದು ಇದಕ್ಕಾಗಿಯೇ. ಇವತ್ತು ಸಾಲ್ಟ್ ಲೇಕ್ ಹತ್ತಿರದ ಬೆಟ್ಟದೊಳಗೆ ಸುಮಾರು 24 ಲಕ್ಷ ಮೈಕ್ರೋಫಿಲ್ಮ್ ಸುರುಳಿಗಳಲ್ಲಿ ಲೋಕದ ಎಷ್ಟೋ ದೇಶಗಳ ಹುಟ್ಟು, ಮದುವೆ, ಸಾವಿನ ದಾಖಲೆಗಳನ್ನು ಅವರು ಇಟ್ಟುಕೊಂಡಿದ್ದಾರೆ.

ಜೇನ್‌ಗೆ 1844ರಲ್ಲಿ ಒಂದು ಆಶೀರ್ವಾದ ಸಿಕ್ಕಿತು. ಕೊಟ್ಟವರು ಜೋಸೆಫ್ ಅಣ್ಣ ಹೈರಮ್. ಮಾರ್ಮನ್ನರಲ್ಲಿ ಇಂಥ ಆಶೀರ್ವಾದದಲ್ಲಿ ಬೈಬಲ್ಲಿನ ಯಾವ ವಂಶಕ್ಕೆ ನೀನು ಸೇರಿದವನು ಅಂತ ಹೇಳುತ್ತಾರೆ. ಬಿಳಿಯರಿಗೆ ಸಾಮಾನ್ಯವಾಗಿ ಎಫ್ರಾಯಿಮನ ವಂಶ ಅಂತ ಬರುತ್ತಿತ್ತು. ಜೇನ್‌ಗೆ ಹಾಮನ ಮಗ ಕಾನಾನನ ವಂಶ ಅಂತ ಬಂತು. ಕಾನಾನ ದಾಸನಾಗಲಿ ಅಂತ ಬೈಬಲ್ಲಿನಲ್ಲಿ ಒಂದು ಶಾಪ ಇದೆ. ಗುಲಾಮಗಿರಿಯನ್ನು ಸಮರ್ಥಿಸಿಕೊಳ್ಳಲು ಕ್ರೈಸ್ತರು ಶತಮಾನಗಳ ಕಾಲ ಬಳಸಿದ್ದು ಅದೇ ಕತೆ. ವಂಶಾವಳಿಯ ಹೆಸರಿನಲ್ಲಿ ಜೇನ್‌ಗೆ ಮೊದಲ ಪೆಟ್ಟು ಬಿದ್ದಿದ್ದು ಇಲ್ಲಿ ಅಂತ ನಾನು ಅಂದುಕೊಂಡಿದ್ದೇನೆ. ಹುಡುಕಿ ತೆಗೆದ ವಂಶ ಅಲ್ಲ ಅದು, ಮೈಬಣ್ಣ ನೋಡಿ ಅಂಟಿಸಿದ್ದು.

ಅದೇ ವರ್ಷ ಜೂನ್ 27ರಂದು ಕಾರ್ತೇಜ್ ಜೈಲಿನಲ್ಲಿ ಜೋಸೆಫ್ ಮತ್ತು ಹೈರಮ್ ಇಬ್ಬರನ್ನೂ ಜನರ ಗುಂಪು ಕೊಂದಿತು. ಜೇನ್ ಅಲ್ಲಿಂದ ಬ್ರಿಗಮ್ ಯಂಗ್ ಮನೆಗೆ ಹೋದರು. ಜೋಸೆಫ್ ನಂತರ ಚರ್ಚಿನ ನಾಯಕರಾದವರು ಇವರು. ಐಸಾಕ್ ಜೇಮ್ಸ್ ಎಂಬ ಕಪ್ಪು ಮಾರ್ಮನ್ ಜೊತೆ ಮದುವೆಯಾಯಿತು. 1846ರಲ್ಲಿ ನಾವೂ ಊರು ಬಿಟ್ಟರು, ಅಯೋವಾದ ಕೆಗ್ ಕ್ರೀಕ್ ಎಂಬಲ್ಲಿ ಎರಡನೆಯ ಮಗ ಸೈಲಸ್ ಹುಟ್ಟಿದ. 1847ರ ಸೆಪ್ಟೆಂಬರ್‌ನಲ್ಲಿ ಸಾಲ್ಟ್ ಲೇಕ್ ಕಣಿವೆ ಮುಟ್ಟಿದರು. ದನಗಳು ಒಮ್ಮೆ ಬೆದರಿ ಓಡಿದ್ದು ಬಿಟ್ಟರೆ ಈ ಪ್ರಯಾಣದಲ್ಲಿ ಹೇಳುವಂಥದ್ದು ಏನೂ ಆಗಲಿಲ್ಲ ಅಂತ ಜೇನ್ ಒಂದೇ ಮಾತಿನಲ್ಲಿ ಮುಗಿಸಿದ್ದಾರೆ. ಬೇರೆಯವರು ಪುಸ್ತಕಗಟ್ಟಲೆ ಬರೆದ ಪ್ರಯಾಣ ಅದು!

ಆ ಜುಲೈನಲ್ಲೇ ಬಂದಿದ್ದ ಮೊದಲ ತಂಡದಲ್ಲಿ ಮೂವರು ಕಪ್ಪು ಗಂಡಸರಿದ್ದರು: ಗ್ರೀನ್ ಫ್ಲೇಕ್, ಹಾರ್ಕ್ ಲೇ, ಆಸ್ಕರ್ ಕ್ರಾಸ್ಬಿ. ಮೂವರೂ ಗುಲಾಮರು. ಸಾಲ್ಟ್ ಲೇಕ್‌ನ ಬ್ರಿಗಮ್ ಯಂಗ್ ಸ್ಮಾರಕದ ಫಲಕದಲ್ಲಿ ಅವರ ಹೆಸರು ಸೇವಕರು ಅಂತ ಇದೆ. ಜೇನ್ ಮನೆಯವರು ಅಲ್ಲಿಗೆ ಬಂದ ಮೊದಲ ಸ್ವತಂತ್ರ ಕಪ್ಪು ಕುಟುಂಬಗಳಲ್ಲಿ ಒಂದು. 1852ರಲ್ಲಿ ಯೂಟಾ ಗುಲಾಮಗಿರಿಗೆ ಕಾನೂನಿನ ಒಪ್ಪಿಗೆ ಕೊಟ್ಟಿತು. ಕಪ್ಪು ಗಂಡಸರಿಗೆ ಪೌರೋಹಿತ್ಯ, ಅಂದರೆ ಚರ್ಚಿನಲ್ಲಿ ವಿಧಿ ನಡೆಸುವ ಅಧಿಕಾರ, ಇಲ್ಲ ಅಂತ ಬ್ರಿಗಮ್ ಯಂಗ್ ಬಹಿರಂಗವಾಗಿ ಹೇಳಿದ್ದೂ ಅದೇ ವರ್ಷ. ಇದರ ಜೊತೆಗೆ ದೇವಾಲಯದ ಹೆಚ್ಚಿನ ವಿಧಿಗಳೂ ಕಪ್ಪು ಜನರಿಗೆ ಇಲ್ಲವಾದವು. ಅದಕ್ಕೆ ಮೊದಲು, 1836ರಲ್ಲೇ, ಇಲೈಜಾ ಏಬಲ್ ಎಂಬ ಕಪ್ಪು ವ್ಯಕ್ತಿಗೆ ಪೌರೋಹಿತ್ಯ ಕೊಟ್ಟಿದ್ದರು. ಬಾಗಿಲು ಮೊದಲಿಂದ ಮುಚ್ಚಿರಲಿಲ್ಲ, ಆಮೇಲೆ ಮುಚ್ಚಿದರು.

ಮೊದಮೊದಲು ಬದುಕು ಚೆನ್ನಾಗಿತ್ತು. ಗಂಡ ಐಸಾಕ್, ಬ್ರಿಗಮ್ ಯಂಗ್ ಬಳಿ ಕೆಲಸ ಮಾಡುತ್ತಿದ್ದರು. ಕುದುರೆ, ಹಸು, ಎತ್ತು, ಕುರಿ, ಕೋಳಿ ಆಯಿತು. ಮನೆಯವರ ಬಟ್ಟೆಗೆ ಬೇಕಾದ ನೂಲನ್ನು ಜೇನ್ ತಾವೇ ನೂತರು. ಆಮೇಲೆ ಮಿಡತೆಗಳು ಬಂದವು, ಬೆಳೆ ಹೋಯಿತು. ಮಕ್ಕಳು ರೊಟ್ಟಿಗೆ ಅಳುವಾಗ ಕೊಡಲು ಏನೂ ಇರಲಿಲ್ಲ, ಎಲ್ಲಕ್ಕಿಂತ ಹೆಚ್ಚು ನೋವು ಅದೇ ಅಂತ ಜೇನ್ ನೆನೆದಿದ್ದಾರೆ.

1849ರ ಏಪ್ರಿಲ್‌ನಲ್ಲಿ ಎಲೈಜಾ ಪಾರ್ಟ್ರಿಜ್ ಲೈಮನ್ ಎಂಬ ಬಿಳಿಯ ಹೆಂಗಸು ದಿನಚರಿಯಲ್ಲಿ ಒಂದು ಸಾಲು ಬರೆದರು. ಅವರ ಗಂಡನನ್ನು ಚರ್ಚು ಕ್ಯಾಲಿಫೋರ್ನಿಯಾಕ್ಕೆ ಕಳಿಸಿತ್ತು, ಮನೆಯಲ್ಲಿ ಹಿಟ್ಟಿರಲಿಲ್ಲ. ಜೇನ್ ಜೇಮ್ಸ್ ಎಂಬ ಕಪ್ಪು ಹೆಂಗಸು ಸುಮಾರು ಎರಡು ಪೌಂಡ್ ಹಿಟ್ಟು ಕೊಟ್ಟಳು, ಅವಳ ಬಳಿ ಇದ್ದುದರಲ್ಲಿ ಸುಮಾರು ಅರ್ಧ ಅದು ಅಂತ ಆ ಸಾಲು. ಈ ಪ್ರಸಂಗ ಮಾರ್ಮನ್ನರಲ್ಲಿ ತುಂಬಾ ಪ್ರಸಿದ್ಧ, ಚಿತ್ರ ಕೂಡ ಬರೆದಿದ್ದಾರೆ. ಆದರೆ ಹೇಳುವವರು ಒಂದು ವಿಷಯವನ್ನು ಎಷ್ಟೋ ಸಲ ಬಿಟ್ಟುಬಿಡುತ್ತಾರೆ. ಈ ಇಬ್ಬರೂ ಹಳೆಯ ಪರಿಚಯ. ನಾವೂನಲ್ಲಿ ಇಬ್ಬರೂ ಜೋಸೆಫ್ ಸ್ಮಿತ್ ಮನೆಯಲ್ಲೇ ಇದ್ದವರು. ಜೇನ್ ಅಲ್ಲಿ ಬಟ್ಟೆ ಒಗೆಯುತ್ತಿದ್ದರು. ಎಲೈಜಾ ಆಗ ಜೋಸೆಫ್‌ನ ಹಲವು ಹೆಂಡತಿಯರಲ್ಲಿ ಒಬ್ಬರು, ಆ ಗುಟ್ಟು ಜೇನ್‌ಗೆ ಆಗಲೇ ತಿಳಿದಿತ್ತು. ಒಂದೇ ಸೂರಿನ ಕೆಳಗೆ ಇದ್ದ ಇಬ್ಬರು. ದೇವಾಲಯದ ಪುಸ್ತಕದಲ್ಲಿ ಒಬ್ಬರು ಹೆಂಡತಿ, ಇನ್ನೊಬ್ಬರು ಸೇವಕಿ. ಕಣಿವೆಯಲ್ಲಿ ಹಸಿವು ಬಂದಾಗ ಹಿಟ್ಟು ಇದ್ದುದು ಸೇವಕಿಯ ಮನೆಯಲ್ಲಿ. ಕೊಟ್ಟರು.

ಮುಂದಿನದು ಕಷ್ಟದ ಕಾಲ. 1870ರ ಹೊತ್ತಿಗೆ ಐಸಾಕ್ ಮನೆ ಬಿಟ್ಟು ಹೋದರು, ಮದುವೆ ಮುರಿಯಿತು. ಬೆಳೆದ ಮಕ್ಕಳು ಒಬ್ಬೊಬ್ಬರಾಗಿ ತೀರಿಹೋದರು. 1874ರಲ್ಲಿ ಜೇನ್ ಫ್ರಾಂಕ್ ಪರ್ಕಿನ್ಸ್ ಅವರನ್ನು ಮದುವೆಯಾದರು. ಹಿಂದೆ ಗುಲಾಮರಾಗಿದ್ದವರು, ಜೇನ್ ಮಗ ಸಿಲ್ವೆಸ್ಟರ್‌ಗೆ ಮಾವ ಕೂಡ. ಆ ಮದುವೆಯೂ ಉಳಿಯಲಿಲ್ಲ. ಐಸಾಕ್ ಸುಮಾರು 1890ರಲ್ಲಿ ವಾಪಸ್ ಬಂದರು, 1891ರಲ್ಲಿ ತೀರಿಕೊಂಡರು. ಅವರನ್ನು ಜೇನ್ ಮನೆಯಿಂದಲೇ ಕಳಿಸಿಕೊಟ್ಟರು. ಇಷ್ಟರ ನಡುವೆಯೂ ಜೇನ್ ಸೇಂಟ್ ಜಾರ್ಜ್, ಮ್ಯಾಂಟೈ, ಲೋಗನ್ ದೇವಾಲಯಗಳನ್ನು ಕಟ್ಟಲು ದೇಣಿಗೆ ಕೊಟ್ಟಿದ್ದಾರೆ. ತಮ್ಮ ವಿಧಿಗಳನ್ನು ಮಾಡಿಸಿಕೊಳ್ಳಲು ಬಿಡದ ದೇವಾಲಯಗಳಿಗೆ!

ದೇವಾಲಯದ ಆ ವಿಧಿಗಳನ್ನು ತಮಗೂ ಕೊಡಿ ಅಂತ ಜೇನ್ ಕೇಳಲು ಶುರು ಮಾಡಿದರು. 1884ರ ಡಿಸೆಂಬರ್‌ನಲ್ಲಿ ಚರ್ಚಿನ ಅಧ್ಯಕ್ಷ ಜಾನ್ ಟೇಲರ್‌ಗೆ ಪತ್ರ ಬರೆದರು, ಅಥವಾ ಬರೆಸಿದರು. ನನ್ನ ಜನಾಂಗ, ನನ್ನ ಬಣ್ಣ ನನಗೆ ಗೊತ್ತು, ಬಿಳಿಯರ ಹಾಗೆ ನನಗೆ ಸಿಗುತ್ತದೆ ಅಂತ ನಿರೀಕ್ಷೆ ಇಲ್ಲ ಅಂತ ಮೊದಲು ಒಪ್ಪಿಕೊಳ್ಳುತ್ತಾರೆ. ಆಮೇಲೆ ಬೈಬಲ್ಲನ್ನೇ ಎತ್ತಿಕೊಳ್ಳುತ್ತಾರೆ. ಅಬ್ರಹಾಮನ ಸಂತಾನದಿಂದ ಲೋಕದ ಎಲ್ಲ ಜನಾಂಗಕ್ಕೂ ಆಶೀರ್ವಾದ ಅಂತ ದೇವರು ಮಾತು ಕೊಟ್ಟಿದ್ದಾನಲ್ಲ, ಹಾಗಾದರೆ ನನಗೆ ಆಶೀರ್ವಾದ ಇಲ್ಲವೇ? ಎಮ್ಮಾ ಅವತ್ತು ಕೇಳಿದ ಮಾತನ್ನೂ ನೆನಪಿಸುತ್ತಾರೆ. ನಲವತ್ತು ವರ್ಷದ ಹಿಂದೆ ಇಲ್ಲ ಅಂದಿದ್ದಕ್ಕೆ ಈಗ ಹೌದು ಅನ್ನುತ್ತಿದ್ದಾರೆ. ವಂಶದ ಹೆಸರು ಹೇಳಿ ಹೊರಗಿಟ್ಟವರಿಗೆ ವಂಶದ ಮಾತಿನಲ್ಲೇ ಉತ್ತರ ಕೊಟ್ಟ ಆ ಪತ್ರ ನನಗೆ ಬಹಳ ದೊಡ್ಡದು ಅನ್ನಿಸುತ್ತದೆ. ತಮ್ಮ ಕಡೆಯ ತೀರಿಹೋದವರ ಪರವಾಗಿ ದೀಕ್ಷಾಸ್ನಾನ ಮಾಡಲು 1888ರಲ್ಲಿ ಲೋಗನ್ ದೇವಾಲಯಕ್ಕೆ ಬಿಟ್ಟರು. ಅಷ್ಟಕ್ಕೇ ನಿಲ್ಲಿಸಿದರು.

ಈಗ 1894ಕ್ಕೆ ಬರೋಣ. ಆ ವರ್ಷ ಏಪ್ರಿಲ್‌ನಲ್ಲಿ ಅಧ್ಯಕ್ಷ ವಿಲ್ಫರ್ಡ್ ವುಡ್ರಫ್ ಹೊಸ ನಿಯಮ ತಂದರು: ನಾಯಕರ ಮನೆಗೆ ದತ್ತು ಸೇರುವುದು ಸಾಕು, ಎಲ್ಲರೂ ಸ್ವಂತ ತಂದೆ ತಾಯಿಗೆ, ಅವರು ತಮ್ಮ ತಂದೆ ತಾಯಿಗೆ ಸೀಲ್ ಆಗಲಿ, ಸಿಕ್ಕಷ್ಟು ಹಿಂದಕ್ಕೆ ಹೋಗಲಿ. ನವೆಂಬರ್‌ನಲ್ಲಿ ಯೂಟಾದ ವಂಶಾವಳಿ ಸಂಘ ಹುಟ್ಟಿತು. ಮಾರ್ಮನ್ನರ ವಂಶಾವಳಿ ಕೆಲಸವೆಲ್ಲ ಬೆಳೆದಿದ್ದು ಆ ವರ್ಷದ ಈ ಎರಡು ಘಟನೆಗಳಿಂದ. ಇವೆರಡರ ಮಧ್ಯೆ, ಮೇ ತಿಂಗಳಿನಲ್ಲಿ, ಜೇನ್‌ರನ್ನು ಸೇವಕಿಯಾಗಿ ಸೇರಿಸಿದರು. ಸ್ವಂತ ತಾಯಿ ಫಿಲಿಸ್ ಜೊತೆಗೆ ಸೀಲ್ ಆಗುವ ದಾರಿಯೂ ಜೇನ್‌ಗೆ ಇರಲಿಲ್ಲ, ಎಮ್ಮಾ ಮಗಳಾಗುವ ದಾರಿಯೂ ಇರಲಿಲ್ಲ. ಇದು ಅನ್ಯಾಯ. ಆ ಕಾಲವೇ ಹಾಗಿತ್ತು ಅಂತ ಸುಮ್ನೆ ದಾಟಿಬಿಡಲು ನನಗೆ ಆಗುವುದಿಲ್ಲ, ಯಾಕೆಂದರೆ ಅದೇ ಕಾಲದಲ್ಲಿದ್ದ ಜೇನ್‌ಗೇ ಅದು ಸರಿ ಕಂಡಿರಲಿಲ್ಲ. 1902ರಲ್ಲಿ ಚರ್ಚಿನ ಹಿರಿಯರ ಸಭೆಯ ಟಿಪ್ಪಣಿಯಲ್ಲಿ ಇದೆ: ಆಕೆಗೆ ಇಷ್ಟರಿಂದ ತೃಪ್ತಿಯಾಗಿಲ್ಲ, ಇನ್ನೂ ಕೇಳುತ್ತಿದ್ದಾರೆ.

ಅಷ್ಟು ಹೊತ್ತಿಗೆ ಅವರಿಗೆ ಕಣ್ಣು ಹೆಚ್ಚುಕಡಿಮೆ ಕಾಣುತ್ತಿರಲಿಲ್ಲ. ತಮ್ಮ ಐಸಾಕ್ ಮ್ಯಾನಿಂಗ್ ಯೂಟಾಕ್ಕೆ ಬಂದು ಜೊತೆಯಲ್ಲಿದ್ದರು. ರಕ್ತ ಸುರಿಸಿಕೊಂಡು ಜೊತೆಗೆ ನಡೆದು ಬಂದಿದ್ದ ಅದೇ ತಮ್ಮ. ಪ್ರಾರ್ಥನಾ ಮಂದಿರದಲ್ಲಿ ಅಕ್ಕ ತಮ್ಮ ಇಬ್ಬರಿಗೂ ಮುಂದಿನ ಸಾಲಿನ ಹತ್ತಿರ ಜಾಗ ಮೀಸಲಿತ್ತು. ಮಕ್ಕಳಲ್ಲಿ ಬದುಕಿದ್ದವರು ಸಿಲ್ವೆಸ್ಟರ್ ಮತ್ತು ಎಲೆನ್ ಮ್ಯಾಡೋರಾ ಇಬ್ಬರೇ. 1908ರ ಏಪ್ರಿಲ್ 16ರಂದು ಜೇನ್ ತೀರಿಕೊಂಡರು. ಅಂತ್ಯಕ್ರಿಯೆಯಲ್ಲಿ ಮಾತಾಡಿದವರಲ್ಲಿ ಜೋಸೆಫ್ ಎಫ್. ಸ್ಮಿತ್ ಒಬ್ಬರು. ಅವರು ಆಗ ಚರ್ಚಿನ ಅಧ್ಯಕ್ಷರು. 1978ರ ಜೂನ್‌ನಲ್ಲಿ ಚರ್ಚು ಕಪ್ಪು ಜನರ ಮೇಲಿನ ನಿರ್ಬಂಧ ತೆಗೆಯಿತು. 1979ರಲ್ಲಿ, ತೀರಿಕೊಂಡು 71 ವರ್ಷ ಆದ ಮೇಲೆ, ಜೇನ್ ಹೆಸರಿನಲ್ಲಿ ದೇವಾಲಯದ ವಿಧಿಗಳು ನಡೆದವು.

ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬರು ಕೇಳಿದರು: ಇಷ್ಟೆಲ್ಲ ಆದರೂ ಆಕೆ ಆ ಚರ್ಚನ್ನು ಯಾಕೆ ಬಿಡಲಿಲ್ಲ? ಒಳ್ಳೆಯ ಪ್ರಶ್ನೆ, ನನ್ನನ್ನೂ ಕಾಡಿದ್ದು. ಅವರಿಗೆ ಬೇರೆ ಗತಿ ಇರಲಿಲ್ಲ ಅಂತ ಉತ್ತರ ಕೊಡುವುದು ಸುಲಭ, ಆದರೆ ಅದು ಅವರಿಗೆ ಮಾಡುವ ಇನ್ನೊಂದು ಅವಮಾನ. ಎಲಿಜಬೆತ್ ರೌಂಡಿ ಎಂಬುವರಿಗೆ ಜೇನ್ ತಮ್ಮ ಕತೆ ಹೇಳಿ ಬರೆಸಿದ್ದರು, ತಮ್ಮ ಅಂತ್ಯಕ್ರಿಯೆಯಲ್ಲಿ ಓದಬೇಕು ಅಂತ ಹೇಳಿಯೇ ಬರೆಸಿದ್ದು. ಅದರಲ್ಲಿ ಈ ಪ್ರಶ್ನೆಗೆ ಅವರೇ ಉತ್ತರ ಕೊಟ್ಟಿದ್ದಾರೆ: ದೀಕ್ಷೆ ಪಡೆದ ದಿನ ಇದ್ದಷ್ಟೇ ನಂಬಿಕೆ ಇವತ್ತೂ ಇದೆ, ಆಗುವುದಾದರೆ ಅದಕ್ಕಿಂತ ಜಾಸ್ತಿಯೇ ಇದೆ. ಬಿಟ್ಟು ಹೋಗಲು ಅವರಿಗೆ ಇಷ್ಟ ಇರಲಿಲ್ಲ. ತಮ್ಮದು ಅಂದುಕೊಂಡಿದ್ದನ್ನು ಕೇಳುತ್ತಲೇ ಇದ್ದರು, ಇಲ್ಲ ಅಂದವರ ಬಾಗಿಲಿಗೇ ಮತ್ತೆ ಮತ್ತೆ ಹೋಗಿ ಕೇಳಿದರು.

ಇನ್ನೊಬ್ಬರು, ಇದನ್ನೆಲ್ಲ ಎಲ್ಲಿ ನೋಡಬಹುದು ಅಂತ ಕೇಳಿದರು. ಅವರು ಹೇಳಿ ಬರೆಸಿದ ಕತೆ ಸಾಲ್ಟ್ ಲೇಕ್‌ನಲ್ಲಿ ಚರ್ಚಿನ ಇತಿಹಾಸ ಗ್ರಂಥಾಲಯದಲ್ಲಿದೆ. ಯೂಟಾ ವಿಶ್ವವಿದ್ಯಾಲಯದ ಸೆಂಚುರಿ ಆಫ್ ಬ್ಲ್ಯಾಕ್ ಮಾರ್ಮನ್ಸ್ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಜೇನ್ ಮತ್ತು ಅವರಂಥ ಇನ್ನೂ ಅನೇಕರ ಬದುಕನ್ನು ದಾಖಲೆಗಳ ಸಮೇತ ಒಂದೊಂದಾಗಿ ಸೇರಿಸುತ್ತಿದ್ದಾರೆ. ಸಮಯ ಕಮ್ಮಿ ಇದ್ದರೆ 1884ರ ಪತ್ರ ಒಂದನ್ನಾದರೂ ಓದಿ. ತುಂಬಾ ಚಿಕ್ಕದು.